ಕೊನೆಯವರೆಗೆ ಸುತ್ತಿದ ಕ್ಯಾಸೆಟ್ಟು

ಅಂಗಡಿಯವರ ಬಲಗೈಯ ಕಿರುಬೆರಳು ಕ್ಯಾಸೆಟ್ಟಿನ ಹಲ್ಲುಗಾಲಿಯಲ್ಲಿ ತಿರುಗಿ ತಿರುಗಿ ಉಗುರಿನ ಎರಡೂ ಪಕ್ಕ ಕಪ್ಪಗೆ ಜಡ್ಡುಗಟ್ಟಿತ್ತು. ಪೆನ್ಸಿಲಿನಿಂದ ಟೇಪು ಸುತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಬೆರಳಿಗೆ ಟೇಪಿನ ಬಿಗಿ ಗೊತ್ತಾಗತ್ತೆ ಮೇಷ್ಟ್ರೇ. ಕಟ್ಟಿಗೆಗೇನ್ ಗೊತ್ತಾಗತ್ತೆ?" ಎನ್ನುತ್ತಿದ್ದರು. ನಾನು ಆಗ ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಪಾತ್ರೆಯಂಗಡಿಗಳ ನಡುವೆ ಅವರದು ಒಂದೇ ಬಾಗಿಲಿನ ಕ್ಯಾಸೆಟ್ ಅಂಗಡಿ.

ಅಂಗಡಿಗೊಂದು ನಿಯಮವಿತ್ತು. ಕ್ಯಾಸೆಟ್ಟು ಕೆಟ್ಟಿದೆಯೆಂದು ಹಿಂದಿರುಗಿಸಲು ಬಂದವರು ಸ್ಟೂಲಿನ ಮೇಲೆ ಕುಳಿತು, ಅವರೊಡನೆ ಅದನ್ನು ಕೊನೆಯವರೆಗೂ ಕೇಳಬೇಕು. ಕೆಟ್ಟಿದ್ದರೆ ಬದಲಿ ಸಿಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕೂರಲೊಲ್ಲದವರು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಹಾಗೆ ಬಂದ ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಟೇಪು ಎಷ್ಟು ಓಡಿ ನಿಂತಿದೆಯೆಂದು ಅವರು ಮೊದಲು ನೋಡುತ್ತಿದ್ದರು. ಯಾರು ಎಲ್ಲಿಯವರೆಗೆ ಕೇಳಿದರೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಮ್ಮ ಒಂದು ಕ್ಯಾಸೆಟ್ಟು ತಂದ. ನನಗಿಂತ ಹದಿನಾರು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ಅವನಿಗೆ ಮಗ್ಗಿ ಕಲಿಸಿದವನೂ ತಪ್ಪಿದಾಗ ಹೊಡೆದವನೂ ನಾನೇ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವನು, ಅಲ್ಲಿಯ ಕ್ವಾರ್ಟರ್ಸಿನ ಮೂವರು ಗೆಳೆಯರೊಡನೆ 'ತುಕ್ಕು' ಎಂಬ ಬ್ಯಾಂಡು ಕಟ್ಟಿದ್ದ. ಅವರದು ಪಂಕ್ ಎಂಬ ಬಗೆಯ ಸಂಗೀತ: ಗಿಟಾರಿನ ಒರಟು ಮೊರೆತ, ಬಿಡುವಿಲ್ಲದ ಡ್ರಮ್ಮು, ಅದರ ಮೇಲೆ ಕನ್ನಡದಲ್ಲಿ ಕೂಗು. ಒಂದು ಮಗ್ಗುಲಿನಲ್ಲಿ ಒಂಬತ್ತು ಪುಟ್ಟ ಹಾಡುಗಳಿದ್ದವು. ಇನ್ನೊಂದು ಮಗ್ಗುಲು ಖಾಲಿ. ಪ್ರತಿಗಳನ್ನು ಇದೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟ.

ಕೊಂಡವರಲ್ಲಿ ಹೆಚ್ಚಿನವರು ವಾರದೊಳಗೆ ಕ್ಯಾಸೆಟ್ಟು ಹಿಡಿದು ಹಿಂದಿರುಗಿದರು. ಅಡಿಕೆ ಮಂಡಿಯ ಗುಮಾಸ್ತರೊಬ್ಬರು ನನ್ನೆದುರೇ ಜಗಳ ತೆಗೆದರು.

"ಬರೀ ಗರ್ ಅಂತ ಬರ್ತಿದೆ. ಟೇಪ್ ಹೋಗಿದೆ, ಬದಲಾಯ್ಸಿ ಕೊಡಿ."

"ಟೇಪ್ ಸರಿಯಾಗಿದೆ. ಹುಡುಗ್ರು ಹಾಡಿರೋದೇ ಹಾಗೆ."

"ಬೇಕಂತ್ಲೇ ಹೀಗೆ ಹಾಡ್ತಾರೇನ್ರೀ, ಮಾರಾಯ್ರೇ?"

"ಹ್ಞೂಂ. ಕೂತ್ಕೊಳ್ಳಿ, ಇನ್ನೂ ಆರು ಹಾಡಿದೆ."

ಎರಡು ಪ್ರತಿ ಕೊಂಡವನು ಒಬ್ಬನೇ, ಭದ್ರಾವತಿಯ ಎರಕದ ಕೆಲಸಗಾರ. "ನಮ್ ಫ್ಯಾಕ್ಟ್ರೀಲಿ ದಿನಾ ಕೇಳೋ ಸದ್ದೇ ಅಣ್ಣಾ. ಆದ್ರೆ ಇವ್ರು ತಾಳ ತಪ್ಪಲ್ಲ" ಎಂದನಂತೆ. ಅಂಗಡಿಯವರು ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು.

ಉಳಿದವರ ಮಾತುಗಳು ನನಗೆ ಅಕ್ಷರ ಬಿಡದೆ ನೆನಪಿವೆ. ಶಿಕ್ಷಕರ ಕೊಠಡಿಯಲ್ಲಿ ವಿಜ್ಞಾನದ ಮೇಷ್ಟ್ರು, "ನಿಮ್ ತಮ್ಮನ ಕ್ಯಾಸೆಟ್ ಕೇಳ್ದೆ. ಆ ಖಾಲಿ ಮಗ್ಗುಲು ಬಹಳ ಚೆನ್ನಾಗಿದೆ" ಎಂದರು. ಎಲ್ಲರೂ ನಕ್ಕರು. ಮುಂದೆ ಅವರ ಬೀಳ್ಕೊಡುಗೆಗೂ ನಾನು ಹೋಗಲಿಲ್ಲ. ಸಂಜೆಪತ್ರಿಕೆಯ ಸಂಗೀತ ವಿಮರ್ಶಕರು, ಭದ್ರಾವತಿಯ ಗದ್ದಲ ಭದ್ರಾವತಿಗೆ ಸಾಲದೆ ಶಿವಮೊಗ್ಗಕ್ಕೂ ರವಾನೆಯಾಗಿದೆ ಎಂದು ಬರೆದರು. ನಾನು ಅವರ ಕಚೇರಿಗೇ ಹೋಗಿ, ಪೂರ್ತಿ ಕೇಳಿದ್ದೀರಾ ಎಂದು ವಿಚಾರಿಸಿದೆ. "ಎರಡು ಹಾಡು ಕೇಳ್ದೆ ಸಾರ್. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಲದಾ?" ಎಂದರು. ಕೇಳದೆ ತೀರ್ಪು ಕೊಡುವುದು ಅಪ್ರಾಮಾಣಿಕತೆಯೆಂದು ಅವರ ಸಹೋದ್ಯೋಗಿಗಳೆದುರೇ ಹೇಳಿ ಬಂದೆ. ಆ ಮನುಷ್ಯನನ್ನು ಮತ್ತೆ ಮಾತನಾಡಿಸಿಲ್ಲ.

ನಾನು ಕೇಳಿದ್ದು ಮೂರು ಹಾಡು. ಮೂರನೆಯದೂ ಪೂರ್ತಿಯಲ್ಲ.

ಮೊದಲ ಪ್ರತಿಯನ್ನು ತಮ್ಮ ನನಗೇ ಕೊಟ್ಟಿದ್ದ. ಒಳಗಿನ ಕಾಗದದ ಮೇಲೆ 'ಅಣ್ಣನಿಗೆ' ಎಂದು ಬರೆದಿದ್ದ. "ಪೂರ್ತಿ ಕೇಳಿ ಹೇಳು. ಬೈದ್ರೂ ಪರ್ವಾಗಿಲ್ಲ" ಎಂದಿದ್ದ. ಮೂರನೆಯ ಹಾಡಿನಲ್ಲಿ ಅವನ ಕೂಗು ನೋವಿನಲ್ಲಿರುವವನ ಕೂಗಿನಂತೆ ಕೇಳಿ, ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಮರುದಿನ ಅಂಗಡಿಗೆ ಒಯ್ದು, ಟೇಪು ಕೆಟ್ಟಿರುವಂತಿದೆ ಎಂದೆ. ಕೆಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಅವರು ಕಿಟಕಿಯನ್ನು ನೋಡಿದರು, ನನ್ನನ್ನು ನೋಡಿದರು.

"ಕೂತ್ಕೊಳ್ಳಿ ಮೇಷ್ಟ್ರೇ, ಹಾಕ್ತೀನಿ."

"ಉತ್ತರಪತ್ರಿಕೆ ತಿದ್ದೋದಿದೆ. ಇಲ್ಲೇ ಇರಲಿ."

ಅದಾದ ಆರು ಶನಿವಾರ ತಮ್ಮ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ. ಮೊದಲು ಅಂಗಡಿಗೆ, ಅಲ್ಲಿಂದ ನಮ್ಮ ಮನೆಗೆ ಊಟಕ್ಕೆ. ಉಂಡಾದ ಮೇಲೆ ಕೈ ಒರೆಸಿಕೊಂಡು ನನ್ನೆದುರಿನ ಕುರ್ಚಿಯಲ್ಲಿ ಕೂರುತ್ತಿದ್ದ. ನಾನು ಬಸ್ಸಿನ ರಶ್ಶಿನ ವಿಚಾರ ಕೇಳುತ್ತಿದ್ದೆ. ನೌಕರಿ ಕಾಯಂ ಆಗುವ ವಿಚಾರ ಕೇಳುತ್ತಿದ್ದೆ. ಏಳನೆಯ ವಾರ ಅವನಿಗೆ ಮಿದುಳುಜ್ವರ ಬಂತು. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದ. ಒಂಬತ್ತನೆಯ ದಿನ ಇರಲಿಲ್ಲ.

ಹದಿಮೂರರ ಕಾರ್ಯ ಮುಗಿಸಿ ನಾನು ಅಂಗಡಿಗೆ ಹೋದೆ. ಅವರು ಸ್ಟೂಲು ಎಳೆದು, ನನ್ನ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಾಕಿದರು. ಹಾಡು ಹಾಡಿನ ನಡುವೆ ನನ್ನ ತಮ್ಮ ಉಸಿರೆಳೆದುಕೊಳ್ಳುವ ಸದ್ದಿತ್ತು. ಪ್ರತಿ ಸಲವೂ ಅವನು ನನ್ನೊಡನೆ ಏನೋ ಹೇಳಲು ಹೊರಟಂತೆ ತೋರಿ, ನಾನು ಸ್ಟೂಲಿನ ಮೇಲೆ ಮುಂದಕ್ಕೆ ಬಾಗುತ್ತಿದ್ದೆ. ಒಂಬತ್ತೂ ಮುಗಿದವು.

"ನನಗೆ ಹಿಡಿಸಲಿಲ್ಲ" ಎಂದೆ.

"ಇದನ್ನೇ ಅವನಿಗೆ ಹೇಳ್ಬೇಕಿತ್ತು ಮೇಷ್ಟ್ರೇ" ಎಂದರು. ಆಮೇಲೆ, ನನ್ನತ್ತ ನೋಡದೆ, ಉಳಿದದ್ದನ್ನೂ ಹೇಳಿದರು. "ಶನಿವಾರ ಬಂದ್ರೆ ವಾಪಸ್ ಬಂದಿರೋದನ್ನೆಲ್ಲ ಎತ್ತಿ ಎತ್ತಿ ನೋಡ್ತಿದ್ದ. ನಿಮ್ದು ಮೂರನೇದ್ರಲ್ಲಿ ನಿಂತಿತ್ತು. ಅವ್ನ ಕಣ್ಣಿಗೆ ಬೀಳಬಾರ್ದು ಅಂತ ನಾನೇ ಕೊನೇ ತನಕ ಸುತ್ತಿಟ್ಟೆ. ನೋಡಿ ಕುಣಿದುಬಿಟ್ಟ. 'ಅಣ್ಣ ಪೂರ್ತಿ ಕೇಳಿದಾನೆ, ಇವತ್ತು ಹೇಳ್ತಾನೆ' ಅಂದ."

ಟೇಪಿನ ವಿಷಯದಲ್ಲಿ ಅವರು ಆಡಿದ ಸುಳ್ಳು ಅದೊಂದೇ ಇರಬೇಕು. ಅದೂ ನನ್ನ ಮಾನ ಕಾಯಲು. ಆದರೆ ಅದರಿಂದಾದದ್ದು ಇಷ್ಟು: ಪೂರ್ತಿ ಕೇಳಿಯೂ ಅಣ್ಣನಿಗೆ ಹೇಳಲು ಏನೂ ಇಲ್ಲವೆಂದು ಅಂದುಕೊಂಡೇ ತಮ್ಮ ಆರು ಸಲ ನನ್ನ ಮನೆಯ ಮೆಟ್ಟಿಲಿಳಿದ.

ಕೆಲವು ವರ್ಷಗಳಲ್ಲಿ ಸಿ.ಡಿ. ಬಂದು ಅಂಗಡಿ ಮುಚ್ಚಿತು. ಅವರು ಮಲವಗೊಪ್ಪದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದು, "ನಾನು ಸುತ್ತಿದ್ದು ತಪ್ಪಾ ಮೇಷ್ಟ್ರೇ? ನಿಜ ಹೇಳಿ" ಎಂದರು. ಸಾಯುವವರಿಗೆ ಹೇಳಬೇಕಾದ ಸಮಾಧಾನದ ಮಾತು ನನಗೆ ತಿಳಿಯದೇ ಇರಲಿಲ್ಲ.

"ತಪ್ಪು" ಎಂದೆ. "ನನ್ನದರ ಮುಂದೆ ಚಿಕ್ಕದು."

ಅವರು ನಿಧಾನಕ್ಕೆ ತಲೆಯಾಡಿಸಿದರು. "ಹಾಂ. ಹೀಗೆ ಹೇಳ್ಬೇಕು" ಎಂದು ಕಣ್ಣು ಮುಚ್ಚಿಕೊಂಡರು. ಆ ವಾರವೇ ತೀರಿಕೊಂಡರು.

ಕೇಳಿದವರಿಗೆ ನಿಜ ಹೇಳಬೇಕೆಂದು ನಾನು ಕಲಿತದ್ದು ಅವರಿಂದ, ಬಹಳ ತಡವಾಗಿ. ಈಗ ಶನಿವಾರ ಊಟವಾದ ಮೇಲೆ ಎದುರಿನ ಕುರ್ಚಿಯತ್ತ ತಿರುಗಿ ಹೇಳುತ್ತೇನೆ: ಹಿಡಿಸಲಿಲ್ಲ ಕಣೋ. ನಾಲ್ಕನೆಯದರಲ್ಲಿ ಡ್ರಮ್ಮು ನಿನ್ನ ಮಾತನ್ನು ನುಂಗಿದೆ. ಆರನೆಯದನ್ನು ಒಂದು ಸಾಲು ಮೊದಲೇ ನಿಲ್ಲಿಸಬೇಕಿತ್ತು. ಎಂಟನೆಯದರಲ್ಲಿ ಮಾತ್ರ ನೀನು ಎಲ್ಲಿಯೂ ಅವಸರ ಮಾಡಿಲ್ಲ, ಅದು ಸರಿಯಾಗಿದೆ.