ಸಿಡ್ನಿಗೆ ಹಾರಿ ಬಂದ ಹೊಲ

ಹಿತ್ತಲಿನ ತಂತಿಯ ಮೇಲೆ ಒಣಹಾಕಿದ್ದ ಬಿಳಿ ಪಂಚೆಗಳೆಲ್ಲ ಕೆಂಪಾಗಿದ್ದವು. ಆಕಾಶವೂ ಕೆಂಪು. ತೊಂಬತ್ತರ ದಶಕದ ಆ ಬರಗಾಲದವರೆಗೆ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ಅಂಥ ಧೂಳನ್ನು ನಾನು ಕಂಡಿರಲಿಲ್ಲ. ಬಟ್ಟೆ ಕೊಡವಲು ಹೋದವಳನ್ನು ಪಕ್ಕದ ಮನೆಯ ಮೂರ್ತಿ ಅಂಕಲ್ ತಡೆದರು.

“ಒಂದ್ನಿಮಿಷ ಇರಮ್ಮ, ಕೊಡವಬೇಡ.”

ಮೈಸೂರಿನವರಾದ ಅಂಕಲ್ ಮಣ್ಣಿನ ವಿಜ್ಞಾನಿ. ದೂರದ ಒಣಭೂಮಿಯ ಗೋಧಿ ಹೊಲಗಳಿಗೆ ವರ್ಷಗಟ್ಟಲೆ ಓಡಾಡಿ, ಕೊಯ್ಲಾದ ಮೇಲೆ ನೆಲದಲ್ಲಿ ಉಳಿಯುವ ಕೂಳೆಯನ್ನು ಸುಡದೆ ಬಿಟ್ಟರೆ ನೆಲದ ತೇವ ಉಳಿಯುತ್ತದೆ ಎಂದು ರೈತರನ್ನು ಒಪ್ಪಿಸಿದ್ದರು. ಮಳೆ ಕೈಕೊಟ್ಟ ಮೇಲೆ ಹಸಿದ ಕುರಿಗಳು ಆ ಕೂಳೆಯನ್ನೂ ಮೇಯ್ದು ಮುಗಿಸಿದ್ದರಿಂದ ನೆಲ ಬರಿದಾಗಿತ್ತು.

ಪಂಚೆಯ ಮೇಲಿನ ಧೂಳನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಆ ಹೊಲಗಳ ಮಣ್ಣೇ ಎಂದ ಅಂಕಲ್, ಮನೆಗೆ ಹೋಗಿ ಆ ಕಡೆಯ ಒಬ್ಬ ರೈತನಿಗೆ ಫೋನ್ ಮಾಡಿ ಬಂದರು.

“ಫೆನ್ಸ್ ಎಲ್ಲ ಮರಳಲ್ಲಿ ಹೂತ್ಹೋಗಿದೆಯಂತೆ. ನಾವು ಕೂಳೆ ಬಿಟ್ಟು ನೋಡ್ತಿದ್ದ ಟ್ರಯಲ್ ಪ್ಲಾಟ್‌ನಲ್ಲಿ ಮೇಲ್ಮಣ್ಣೇ ಇಲ್ವಂತೆ.”

“ಮಳೆ ಬಂದ್ರೆ ಸರಿಹೋಗಲ್ವಾ ಅಂಕಲ್?”

“ನೀರು ಬಂದ್ರೂ ಹಿಡ್ಕೊಳ್ಳೋಕೆ ಮಣ್ಣು ಬೇಕಲ್ಲಮ್ಮ.”

ಮಳೆ ಬಂದದ್ದು ತಿಂಗಳುಗಳ ನಂತರ. ಆ ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಅಂಕಲ್, ಟಿವಿಯಲ್ಲಿ ಜನ ಮಳೆಯಲ್ಲಿ ನೆನೆಯುತ್ತಾ ಕುಣಿಯುವುದನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಹೊರಗೆ ಹೋದರು. ಆ ಹೊಲಗಳ ಕಡೆ ಅವರು ಮತ್ತೆಂದೂ ಹೋಗಲಿಲ್ಲ. ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಬೆಳೆದವಳು ನಾನು. ಮಳೆ ಬಂದರೂ ತೀರದ ಬರ ಇರುತ್ತದೆ ಎಂದು ಆ ದಿನ ಅವರ ಮುಖ ನೋಡಿ ತಿಳಿಯಿತು.