ಕೊಕ್ಕರೆ ಈಜಿದ ಸಾಲು

ಅತ್ತೆಯ ಬಗ್ಗೆ ಅಳಿಯ ಬರೆದರೆ ಒಂದೋ ಹೊಗಳಿಕೆ, ಇಲ್ಲವೇ ಸೇಡು ಎಂದು ಜನ ತಿಳಿಯುತ್ತಾರೆ. ನನ್ನ ಬರಹದಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇವೆ, ಮುಚ್ಚಿಡುವುದೇನಿದೆ?

ಊರಿಗೆ ಕುಡಿಯುವ ನೀರು ಕೊಡುವ ಕೊಳದ ಪಕ್ಕದ ಪಂಪ್‌ಹೌಸಿನಲ್ಲಿ ಅತ್ತೆಗೆ ಕೆಲಸ. ಗೋಡೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಮಾಪಕವಿದೆ. ಕೊಳದಲ್ಲಿ ತೇಲುವ ಡಬ್ಬಿಗೆ ಕಟ್ಟಿದ ಚೈನು ಒಂದು ಹಲ್ಲಿನ ಚಕ್ರದ ಮೇಲೆ ಹಾದು ಅದರ ಮುಳ್ಳನ್ನು ತಿರುಗಿಸುತ್ತದೆ. ಗಂಟೆಗೊಮ್ಮೆ ಆ ಮುಳ್ಳು ನೋಡಿ ನೀರಿನ ಮಟ್ಟವನ್ನು ರಿಜಿಸ್ಟರಿನಲ್ಲಿ ನೀಲಿ ಶಾಯಿಯಿಂದ ಬರೆಯಬೇಕು. ಅಳಿಸುವಂತಿಲ್ಲ. ತಪ್ಪಾದರೆ ಅಂಕಿಯ ಮೇಲೆ ಒಂದೇ ಒಂದು ಕೆಂಪು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕೊಳದಲ್ಲಿ ಏನೇ ಹೊಸದು ಕಂಡರೂ, ಸತ್ತ ಮೀನಾಗಲಿ, ಎಣ್ಣೆಯ ಪದರವಾಗಲಿ, ಕೊನೆಯ ಕಾಲಮಿನಲ್ಲಿ ಷರಾ ಬರೆಯಬೇಕು.

ಇಪ್ಪತ್ತೆರಡು ವರ್ಷ ಬೆಳಗಿನ ಪಾಳಿ ಮಾಡಿದ ಅತ್ತೆಯ ಕೈಯಿಂದ ಒಂದೂ ಕೆಂಪು ಗೆರೆ ಬಿದ್ದಿರಲಿಲ್ಲ. ನನ್ನನ್ನು ಮೊದಲ ಸಲ ನೋಡಿದ ದಿನವೇ ಅವರು ಇದನ್ನು ಹೇಳಿದ್ದರು. ನನ್ನ ಕೈಗಡಿಯಾರ ನಾಲ್ಕು ನಿಮಿಷ ಹಿಂದಿದೆ ಅಂತಲೂ ಹೇಳಿದ್ದರು. ಕೆಲಸದಲ್ಲಿ ಅವರಿಗೆ ‘ಗಡಿಯಾರದಮ್ಮ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಕೊಳದ ಒಂದು ದಂಡೆಯಲ್ಲಿ ನೀರಿಗಿಳಿಯುವ ಮೆಟ್ಟಿಲುಗಳಿವೆ, ನೀರೊಳಗೆ ಒಂದು ಕಲ್ಲುಕಟ್ಟೆಯಿದೆ. ಆ ಕಟ್ಟೆಯ ಮೇಲೆ ಪ್ರತಿ ಬೆಳಿಗ್ಗೆ ಒಂದು ಬೂದು ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಕಾಯುವುದು ವರ್ಷಗಳಿಂದ ನಡೆದುಬಂದದ್ದು. ಅದು ಷರಾಕ್ಕೆ ಯೋಗ್ಯವಾದ ಸುದ್ದಿಯಲ್ಲ. ಆದರೆ ಒಂದು ಗುರುವಾರ ಅತ್ತೆ ಷರಾ ಬರೆದರು: ‘೬-೪೦. ಬೂದು ಕೊಕ್ಕರೆ ಕಲ್ಲುಕಟ್ಟೆಯ ಕಡೆಯಿಂದ ಮೆಟ್ಟಿಲ ಕಡೆಗೆ ಈಜಿ ಹೋಯಿತು.’

ಆ ಸಾಲು ಓದಿದ ಇಂಜಿನಿಯರ್ ಅತ್ತೆಯನ್ನು ಕರೆಸಿದ. ಬಂದು ಮೂರು ತಿಂಗಳಾಗಿದ್ದ ಹುಡುಗ, ಒಳ್ಳೆಯವನೇ, ಆದರೆ ಸೋಮವಾರದ ತಪಾಸಣೆಯ ಭಯ ಅವನ ಹೆಗಲೇರಿ ಕೂತಿತ್ತು.

“ಅಮ್ಮಾ, ಕೊಕ್ಕರೆ ಈಜುತ್ತಾ? ಅದಕ್ಕೆ ಅಷ್ಟುದ್ದ ಕಾಲಿರೋದು ನಿಲ್ಲೋಕೆ. ಬಾತುಕೋಳಿ ನೋಡಿರ್ತೀರಿ.”

“ಬಾತುಕೋಳಿ ನೋಡಿದ್ರೆ ಬಾತುಕೋಳಿ ಅಂತಲೇ ಬರೀತಿದ್ದೆ, ಸಾರ್.”

“ತಪಾಸಣೆಯವರು ಇದನ್ನ ಓದಿದ್ರೆ ಉಳಿದ ಅಂಕಿಗಳನ್ನೂ ನಂಬಲ್ಲ. ಒಂದು ಕೆಂಪು ಗೆರೆ ಎಳೆದು ಸಹಿ ಹಾಕಿಬಿಡಿ. ಅಷ್ಟೇ.”

“ನೋಡಿದ್ದು ಬರ್ದಿದೀನಿ. ಗೆರೆ ಎಳೆಯಲ್ಲ.”

ಆತ ಕನ್ನಡಕ ತೆಗೆದು ಒರೆಸಿದ. “ಹಾಗಾದ್ರೆ ನನಗೂ ಬೇರೆ ದಾರಿ ಇಲ್ಲ. ಸೋಮವಾರದಿಂದ ನಿಮ್ಮನ್ನ ಸ್ಟೋರಿಗೆ ಹಾಕ್ತೀನಿ. ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ.”

ಸ್ಟೋರು ಅಂದರೆ ತುಕ್ಕು ಹಿಡಿದ ನಲ್ಲಿ, ಬೋಲ್ಟು, ಹರಿದ ಗೋಣಿಚೀಲ. ಅಲ್ಲಿಗೆ ಹೋದವರು ನಿವೃತ್ತಿಯಾಗುವವರೆಗೆ ಬೋಲ್ಟು ಎಣಿಸುತ್ತಾರೆ. ಆ ಸಂಜೆ ಅತ್ತೆ ನಮ್ಮ ಮನೆಗೆ ಬಂದು ಚಹಾ ಲೋಟ ಮುಟ್ಟದೆ ಕೂತರು. ಜೊತೆಗೆ ಬಂದಿದ್ದ ಮಾವ ಮೆಲ್ಲಗೆ, “ಒಂದು ಗೆರೆ ತಾನೇ, ಎಳೆದುಬಿಡೇ” ಅಂದರು. ಅತ್ತೆ ಕಣ್ಣು ಬಿಟ್ಟ ರೀತಿಗೆ ಮಾವ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಲು ಎದ್ದುಹೋದರು.

“ಅಳಿಯಂದ್ರೇ, ನಿಮ್ಮ ಸ್ಟುಡಿಯೋದಲ್ಲಿ ದೂರದ್ದನ್ನ ಹತ್ತಿರ ಮಾಡೋ ಲೆನ್ಸ್ ಇದೆಯಲ್ಲ, ಅದು ಕೆಲಸ ಮಾಡುತ್ತಾ, ಇಲ್ಲ ಶೋಕಿಗಾ?”

ನಾನು ಪಾಸ್‌ಪೋರ್ಟ್ ಫೋಟೋ ತೆಗೆಯುವವನು. “ಗಲ್ಲ ಎತ್ತಿ, ಮಿಸುಕಬೇಡಿ” ಅನ್ನುವುದೇ ನನ್ನ ವಿದ್ಯೆ. ಕೊಕ್ಕರೆಗೆ ಏನು ಹೇಳಲಿ? ಆದರೂ ಶುಕ್ರವಾರ ಬೆಳಿಗ್ಗೆ ಐದೂವರೆಗೆ ಕೊಳದ ಆಚೆ ದಂಡೆಯಲ್ಲಿ ಕೂತೆ. ಕೊಕ್ಕರೆ ಬರಲೇ ಇಲ್ಲ. ಶನಿವಾರ ಬಂತು, ನೀರಿನ ಮೇಲೊಂದು ಸುತ್ತು ಹಾರಿ ಹೊರಟುಹೋಯಿತು. ಸೊಳ್ಳೆಗಳು ಮಾತ್ರ ಎರಡೂ ದಿನ ತಪ್ಪದೆ ಹಾಜರಿ ಹಾಕಿದವು. ನಾನು ಕೈಚೆಲ್ಲಿದೆ. ಅತ್ತೆ ಮಾತ್ರ, “ನಾಳೆ ಐದಕ್ಕೇ ಹೋಗಿ” ಅಂದರು.

ಭಾನುವಾರ ಆರು ಐವತ್ತಕ್ಕೆ ಕೊಕ್ಕರೆ ಬಂದು ಕಲ್ಲುಕಟ್ಟೆ ಇರುವ ಜಾಗದಲ್ಲಿ ಕಾಲು ಚಾಚಿ ಇಳಿಯಿತು. ಇಳಿದದ್ದು ನಿಲ್ಲಲಿಲ್ಲ, ಮುಳುಗಿತು! ಹೊಟ್ಟೆಯವರೆಗೂ ನೀರು. ಒದ್ದೆ ಬಟ್ಟೆಯ ಗಂಟಿನ ಹಾಗೆ ಒಂದು ಕ್ಷಣ ತೇಲಿ, ಕತ್ತನ್ನು ನೆಟ್ಟಗೆ ಎತ್ತಿ, ಒಳಗೊಳಗೇ ಕಾಲು ಬಡಿಯುತ್ತ ಹೊರಟಿತು. ಅವಸರವಿಲ್ಲ, ಗಾಬರಿಯಿಲ್ಲ. ನೇರ ಮೆಟ್ಟಿಲಿಗೆ ಬಂದು, ಹತ್ತಿ, ರೆಕ್ಕೆ ಒದರಿ, ಏನೂ ಆಗದವರ ಹಾಗೆ ನಿಂತಿತು. ಹನ್ನೆರಡು ಫೋಟೋ ಬಂದವು.

ಪಾಳಿ ಮುಗಿಸಿ ಅತ್ತೆ ಸೀದಾ ಸ್ಟುಡಿಯೋಗೆ ಬಂದರು. ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟೆ. ಅವರ ಮುಖ ಅರಳಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. “ಬಾತುಕೋಳಿಯಂತೆ!” ಎಂದು ಫೋಟೋದ ಮೇಲೆ ಬೆರಳು ಕುಟ್ಟಿದರು. ಕುಟ್ಟುತ್ತಿದ್ದ ಬೆರಳು ಹಾಗೇ ನಿಂತಿತು. ಫೋಟೋದ ಅಂಚಿನಲ್ಲಿದ್ದ ಮೆಟ್ಟಿಲುಗಳನ್ನು ಒಂದು, ಎರಡು ಎಂದು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಇದು ಎಷ್ಟು ಹೊತ್ತಿಗೆ ತೆಗೆದದ್ದು?”

“ಏಳಕ್ಕೆ ಹತ್ತು ನಿಮಿಷ ಇತ್ತು.”

“ಏಳಕ್ಕೆ ಹನ್ನೊಂದು ಅಡಿ ಅಂತ ಬರ್ದಿದೀನಿ. ಹನ್ನೊಂದಕ್ಕೆ ಐದು ಮೆಟ್ಟಿಲು ಕಾಣಬೇಕು. ಇಲ್ಲಿ ನಾಲ್ಕೇ ಇವೆ.”

ಮಾಪಕ ಬರುವುದಕ್ಕೆ ಮೊದಲು ಅವರು ದಂಡೆಯ ಮೇಲೆ ನಡೆದು, ಮೆಟ್ಟಿಲು ಎಣಿಸಿಯೇ ಮಟ್ಟ ಬರೆಯುತ್ತಿದ್ದರು. ಈಗ ಪಂಪ್‌ಹೌಸಿನ ಕಿಟಕಿಯಿಂದ ಆ ಮೆಟ್ಟಿಲು ಕಾಣುವುದಿಲ್ಲ. ಒಂದು ಮೆಟ್ಟಿಲು ಅಂದರೆ ಒಂದು ಗೇಣು. ಅಷ್ಟಗಲದ ಕೊಳದಲ್ಲಿ ಒಂದು ಗೇಣು ನೀರು ಏರಿದರೆ ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಕೊಕ್ಕರೆಯ ಕಾಲಿಗೆ ಗೊತ್ತಾಗುತ್ತದೆ.

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. “ಹನ್ನೊಂದು ದಿನದ ಹಿಂದೆ ಚೈನು ಬಿಚ್ಚಿ ಗ್ರೀಸು ಹಚ್ಚಿದ್ದೆ. ತಿರುಗಿ ಹಾಕುವಾಗ ಒಂದೆರಡು ಹಲ್ಲು ಹಾರಿಸಿ ಹಾಕಿದೀನಿ. ಮುಳ್ಳು ಅವತ್ತಿಂದ ಒಂದು ಗೇಣು ಕಡಿಮೆ ತೋರಿಸ್ತಿದೆ. ನಾವು ಅದನ್ನೇ ನಂಬಿ ಕೊಳಕ್ಕೆ ಜಾಸ್ತಿ ನೀರು ಬಿಟ್ಕೊಳ್ತಾ ಇದ್ದೀವಿ.”

ನನಗೆ ತಕ್ಷಣ ಹೊಳೆದದ್ದನ್ನು ನಾಚಿಕೆಯಿಲ್ಲದೆ ಹೇಳಿದೆ. “ಅತ್ತೆ, ಮೆಟ್ಟಿಲಿನ ಭಾಗ ಕತ್ತರಿಸಿ ಬೇರೆ ಪ್ರಿಂಟ್ ಕೊಡ್ತೀನಿ. ಕೊಕ್ಕರೆ ಮಾತ್ರ ಇರಲಿ. ಬೆಳಿಗ್ಗೆ ನೀವು ಚೈನು ಸರಿ ಮಾಡಿಬಿಡಿ. ಯಾರಿಗೂ ಗೊತ್ತಾಗಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇರೋದನ್ನ ಇದ್ದ ಹಾಗೆ ಬರೆಯೋಳು ಅಂತ ಅಲ್ವಾ ನಾನು ಅವನ ಹತ್ತಿರ ಜಗಳ ಆಡಿದ್ದು?” ಅಂದರು. ಆಮೇಲೆ ಮೇಜಿನ ಮೇಲೆ ಕಣ್ಣಾಡಿಸಿ, “ನಿಮ್ಮ ಹತ್ತಿರ ಕೆಂಪು ಪೆನ್ನು ಇದೆಯಾ? ನನ್ನದು ಒಣಗಿ ಹೋಗಿರುತ್ತೆ.”

ಆರ್ಡರ್ ಲಕೋಟೆಗಳ ಮೇಲೆ ಗುರುತು ಹಾಕುವ ನನ್ನ ಪೆನ್ನು ಕೊಟ್ಟೆ. ಅತ್ತೆ ಅಲ್ಲಿಂದಲೇ ಫೋನ್ ಮಾಡಿ, ಕೊಳಕ್ಕೆ ನೀರು ಬಿಡುವುದನ್ನು ನಿಲ್ಲಿಸಲು ಮಧ್ಯಾಹ್ನದ ಪಾಳಿಯವರಿಗೆ ಹೇಳಿದರು.

ಸೋಮವಾರ ಐದಕ್ಕೇ ಹೋಗಿ ಗಳ ಇಳಿಸಿ ಅಳೆದರು, ಚೈನನ್ನು ಸರಿಯಾದ ಹಲ್ಲಿಗೆ ಕೂರಿಸಿದರು. ಆಮೇಲೆ ರಿಜಿಸ್ಟರ್ ತೆರೆದರು. ವಾರದ ರಜೆ ಕಳೆದು ಹತ್ತು ದಿನ, ದಿನಕ್ಕೆ ಎಂಟು ಅಂಕಿ. ಎಂಬತ್ತು ಕೆಂಪು ಗೆರೆ, ಎಂಬತ್ತು ಸಹಿ. ಉಳಿದ ಪಾಳಿಯವರು ತಮ್ಮ ತಮ್ಮ ಅಂಕಿಗೆ ತಾವೇ ಗೆರೆ ಎಳೆಯಬೇಕಿತ್ತು; ಅದಕ್ಕೂ ಬೈಸಿಕೊಂಡದ್ದು ಅತ್ತೆಯೇ. ಮೊದಲ ಗೆರೆ ಸೊಟ್ಟಗೆ ಬಿತ್ತಂತೆ. ಕೊಕ್ಕರೆ ಈಜಿದ ಗುರುವಾರದ ಪುಟಕ್ಕೆ ಬರುವ ಹೊತ್ತಿಗೆ ಸ್ಕೇಲು ಇಟ್ಟ ಹಾಗೆ ನೇರವಾಗಿತ್ತು. ಕೊನೆಗೆ ಷರಾ: ‘ಚೈನು ತಪ್ಪಾಗಿ ಹಾಕಿದ್ದು ನಾನು.’

ಫೋಟೋ ಕೊಡಲು ಹೋಗಿದ್ದ ನಾನು ಆಗ ಅಲ್ಲಿದ್ದೆ. ಇಂಜಿನಿಯರ್ ಪುಟ ತಿರುವಿದ ಹಾಗೆ ಮುಖ ಬಿಳಿಚಿಕೊಂಡಿತು. ತಪಾಸಣೆಯವರ ಜೀಪು ಗೇಟಿನಲ್ಲಿ ಹಾರ್ನ್ ಮಾಡುತ್ತಿತ್ತು.

“ಎಲ್ಲಾ ಹೊಡೆದುಹಾಕಿದೀರಿ. ನಾನು ಹೇಳಿದ ಒಂದು ಸಾಲಿಗೆ ಮಾತ್ರ ಗೆರೆ ಎಳೆದಿಲ್ಲ!”

“ಎಂಬತ್ತು ತಪ್ಪಿತ್ತು, ಎಳೆದೆ. ಆ ಸಾಲು ಸರಿಯಾಗಿದೆ, ಸಾರ್.”

ಆತ ಫೋಟೋ ನೋಡಿದ, ಮೆಟ್ಟಿಲು ಎಣಿಸಿದ, ಕಿಟಕಿಯಾಚೆ ಕೊಳವನ್ನು ನೋಡಿದ. ಆಮೇಲೆ ರಿಜಿಸ್ಟರನ್ನು ಅದೇ ಪುಟಕ್ಕೆ ತೆರೆದು ಹಿಡಿದುಕೊಂಡು ತಾನೇ ಜೀಪಿನ ಕಡೆಗೆ ನಡೆದ. ಸ್ಟೋರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. “ಮುಳ್ಳು ಹನ್ನೊಂದರಲ್ಲಿದೆ. ಕೊಕ್ಕರೆ ಬಂದು ನಿಂತಿದೆ. ಮೊಣಕಾಲುದ್ದ ನೀರು.” ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ, “ನಿಮ್ಮ ಪೆನ್ನು ಇನ್ನೂ ನನ್ನ ಹತ್ತಿರಾನೇ ಇದೆ, ಇಲ್ಲೇ ಇರಲಿ” ಎಂದು ಫೋನ್ ಇಟ್ಟರು.