ಏಳನೇ ಕೋಣೆಯ ದಿಂಬು

ದಿಂಬಿಗೆ ಗವಸು ತೊಡಿಸುವುದರಲ್ಲಿ ನನ್ನನ್ನು ಮೀರಿಸುವವರು ಪುಣೆಯ ಸದಾಶಿವ ಪೇಠೆಯಲ್ಲಿ ಯಾರೂ ಇಲ್ಲವೆಂದು ನಾನೇ ಹೇಳಿಕೊಂಡರೆ ನೀವು ನಗಬಾರದು. ಗವಸನ್ನು ಒಳಮೈ ಹೊರಗೆ ಮಾಡಿ ಕೈಗೆ ತೊಟ್ಟು, ದಿಂಬಿನ ಎರಡು ಮೂಲೆಗಳನ್ನು ಹಿಡಿದು ಒಮ್ಮೆ ಕೊಡವಿದರೆ ಸಾಕು, ಉಳಿದದ್ದು ತಾನಾಗಿ ಇಳಿದು ಕೂರುತ್ತದೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದು ಈ ಹನ್ನೆರಡು ಕೋಣೆಗಳ ಲಾಡ್ಜಿಗೆ ಕಾಲಿಟ್ಟಂದಿನಿಂದ ಕೆಳಗಿನ ಉಪಾಹಾರದ ಹೋಟೆಲು ಯಜಮಾನರದು, ಮೇಲಿನ ಕೋಣೆಗಳು ನನ್ನವು. ಗಂಜಿ ಹಾಕಿ, ತಾರಸಿಯ ಮೇಲೆ ಬಿಸಿಲಿಗೆ ಒಣಗಿಸಿದ ನನ್ನ ಬಿಳಿ ಬೆಡ್‌ಶೀಟುಗಳ ಮೇಲೆ ಒಂದು ಸುಕ್ಕು ಹುಡುಕಿ ತೋರಿಸಿದವರು ಇನ್ನೂ ಹುಟ್ಟಿಲ್ಲ.

ಪರವೂರಿಗೆ ಹೊರಟ ಮನುಷ್ಯ ತನ್ನ ಮನೆಯ ಯಾವ ತುಣುಕನ್ನು ಕಿತ್ತು ಚೀಲಕ್ಕೆ ತುಂಬಿಕೊಳ್ಳುತ್ತಾನೆ ಎಂಬುದನ್ನು ನನ್ನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಲಾಡ್ಜಿನ ದೀಪ ಓದಲು ಸಾಲದೆಂದು ಒಬ್ಬರು ಸ್ವಂತ ಬಲ್ಬು ತರುತ್ತಾರೆ. ಮಗಳನ್ನು ಪರೀಕ್ಷೆಗೆ ಕರೆತಂದ ತಾಯಿಯೊಬ್ಬಳು ಮನೆ ಬಾಗಿಲಿನ ಕಾಲೊರಸನ್ನೇ ಸುತ್ತಿ ತಂದಿದ್ದಳು. ಇವೆಲ್ಲವನ್ನೂ ನಾನು ನಕ್ಕು ಸಹಿಸಿದವಳೇ. ಆದರೆ ಹಾಸಿಗೆಯ ವಿಷಯಕ್ಕೆ ಬಂದರೆ ಮಾತ್ರ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಆ ಸಿಟ್ಟಿಗೆ ಸಿಕ್ಕವರು ಸಂಗಪ್ಪನವರು. ಇಳಕಲ್ಲಿನಿಂದ ಎರಡು ತಿಂಗಳಿಗೊಮ್ಮೆ ಸೀರೆಯ ಗಂಟು ಹೊತ್ತು ಬಂದು, ಮೂರು ದಿನ ಅಂಗಡಿ ಅಂಗಡಿ ಹತ್ತಿಳಿದು, ಪ್ರತಿ ಸೀರೆಯನ್ನೂ ಬಿಡಿಸಿ ತೋರಿಸಿ ಮತ್ತೆ ಮಡಿಸುವ ವ್ಯಾಪಾರಿ. ಏಳನೇ ಕೋಣೆ ಅವರಿಗೇ ಮೀಸಲು. ಆ ಗಂಟಿನ ನಡುವೆ ಒಂದು ಬೂರುಗದ ಹತ್ತಿಯ ದಿಂಬು, ಅದಕ್ಕೆ ಕೆಂಪು ಸೆರಗಿನ ತುಂಡಿನಿಂದ ಹೊಲಿದ ಗವಸು. ಅವರು ಹೊರಗೆ ಹೋದಾಗ ಕೋಣೆಗೆ ಹೋದರೆ, ನನ್ನ ದಿಂಬು ಒಂದಿಷ್ಟೂ ತಗ್ಗು ಬೀಳದೆ ಕುರ್ಚಿಯ ಮೇಲೆ ಕುಳಿತಿರುತ್ತಿತ್ತು. ಬೀಗರ ಮನೆಯಲ್ಲಿ ಯಾರೂ ಮಾತನಾಡಿಸದ ನೆಂಟನಂತೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ನಮ್ಮ ದಿಂಬಿನಲ್ಲಿ ಮುಳ್ಳುಂಟಾ ಸಂಗಪ್ಪನವರೇ?"

"ಅಯ್ಯ, ಹಂಗಲ್ರೀ ಅಕ್ಕಾರ! ನಿಮ್ಮ ದಿಂಬು ಭಾಳ ಛಲೋ ಅದ. ನನ್ನ ತಲೀಗೆ ರೂಢಿ ಬಿದ್ದದ, ಬಿಡವಲ್ದು ನೋಡ್ರಿ."

ಮುಂದಿನ ಸಲ ಅವರು ದಿಂಬಿಲ್ಲದೆ ಬಂದರು. ಬೆಳಿಗ್ಗೆ ಕತ್ತು ಒಂದು ಬದಿಗೆ ವಾಲಿತ್ತು, ಕಣ್ಣು ಕೆಂಪಾಗಿತ್ತು. ನಿದ್ದೆ ಬಂತೇ ಎಂದರೆ, "ಭಾಳ ಛಲೋ ಬಂತ್ರೀ" ಎಂದರು. ಗೆದ್ದೆನೆಂದು ಯಜಮಾನರ ಮುಂದೆ ಬೀಗಿದೆ. ಆಮೇಲೆ ಒಂದು ವರ್ಷ ಆ ಕೆಂಪು ದಿಂಬು ನಮ್ಮ ಮೆಟ್ಟಿಲು ಹತ್ತಲಿಲ್ಲ.

ಈಚೆಗೆ ಲಾಡ್ಜಿನ ಹಳೆಯ ನೀರಿನ ಪೈಪುಗಳನ್ನೆಲ್ಲ ಬದಲಿಸಬೇಕಾಗಿ ಬಂದು ನಾಲ್ಕು ದಿನ ಬಾಗಿಲು ಹಾಕಿದೆವು. ನಾವಿರುವುದೂ ಅದೇ ಕಟ್ಟಡದ ಮೇಲಂತಸ್ತಿನಲ್ಲಿ. ಹಾಗಾಗಿ ಊರಂಚಿನ ಕೊಂಢವಾ ಕಡೆಯ ಹೊಸ ಹೋಟೆಲೊಂದರಲ್ಲಿ ಇಳಿಯುವುದೆಂದಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅತಿಥಿಯಾಗಿ ಹೊರಟಿದ್ದೆ. ಸ್ಟೀಲಿನ ಚೊಂಬು, ತೆಂಗಿನೆಣ್ಣೆಯ ಬಾಟಲಿ, ಮಿಡಿ ಉಪ್ಪಿನಕಾಯಿ, ಟಿಕ್ ಟಿಕ್ ಎನ್ನದಿದ್ದರೆ ನನಗೆ ನಿದ್ದೆಯೇ ಬಾರದ ಆ ಅಲಾರಾಂ ಗಡಿಯಾರ, ಎಲ್ಲದರ ಮೇಲೆ ನನ್ನದೇ ಒಂದು ಗಂಜಿ ಹಾಕಿದ ಬೆಡ್‌ಶೀಟು.

"ಎಂತದು ಮಾರಾಯ್ತಿ, ನಾಲ್ಕು ದಿನಕ್ಕೆ ಮನೆಯನ್ನೇ ಕಟ್ಟಿಕೊಂಡು ಹೊರಟಿಯಾ?" ಎಂದರು ಯಜಮಾನರು. ಬಂಡೆಯ ಮೇಲೆ ಮಲಗಿಸಿದರೂ ಗೊರಕೆ ಹೊಡೆಯುವವರಿಗೆ ಏನು ಹೇಳುವುದು?

ಆ ಹೋಟೆಲಿನ ಬೆಡ್‌ಶೀಟನ್ನು ನಾನು ಬೆರಳ ನಡುವೆ ಹಿಡಿದು ಪರೀಕ್ಷಿಸಿದೆ. ಒಳ್ಳೆಯ ಬಟ್ಟೆ, ಒಪ್ಪಲೇಬೇಕು. ಆದರೂ ಕೈ ಕೇಳಲಿಲ್ಲ. ಅದನ್ನು ತೆಗೆದು, ಮಡಿಸಿ ಕುರ್ಚಿಯ ಮೇಲಿಟ್ಟು ನನ್ನದನ್ನೇ ಹಾಸಿದೆ. ದಿಂಬುಗಳಂತೂ ತಲೆಯಿಟ್ಟರೆ ಕಿವಿಯವರೆಗೆ ಮುಳುಗಿಸುತ್ತಿದ್ದವು. ಕೊನೆಗೆ ಹಳೆಯ ನೂಲಿನ ಸೀರೆಯೊಂದನ್ನು ಸುತ್ತಿ ತಲೆಗೆ ಕೊಟ್ಟುಕೊಂಡೆ. ಬೆಳಿಗ್ಗೆ ಎದ್ದವಳು ರೂಢಿಯ ಬಲದಿಂದ ಹಾಸಿಗೆಯ ಮೂಲೆಗಳನ್ನು ಬಿಗಿದು, ಬಚ್ಚಲ ಕನ್ನಡಿ ಒರೆಸಿ, ಟವೆಲುಗಳನ್ನು ಅಳತೆಯಿಟ್ಟಂತೆ ಮಡಿಸಿಟ್ಟೆ. ಎಷ್ಟು ಚೆಂದದ ಅತಿಥಿ ನಾನೆಂದು ನನಗೇ ಹೆಮ್ಮೆ.

ಕೋಣೆ ಶುಚಿ ಮಾಡಲು ಬಂದವಳು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ಬಾಗಿಲಲ್ಲೇ ನಿಂತು ಹಾಸಿಗೆ ನೋಡಿದಳು, ಕನ್ನಡಿ ನೋಡಿದಳು, ಕುರ್ಚಿಯ ಮೇಲೆ ಕುಳಿತಿದ್ದ ತನ್ನ ಬೆಡ್‌ಶೀಟನ್ನು ನೋಡಿದಳು. ತಮ್ಮ ಕೆಲಸದಲ್ಲಿ ಏನಾದರೂ ತಪ್ಪಾಯಿತೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಏಳನೇ ಕೋಣೆಯಲ್ಲಿ ಕುರ್ಚಿಯ ಮುಂದೆ ನಿಲ್ಲುತ್ತಿದ್ದ ನನ್ನದೇ ಮುಖ.

"ಇಲ್ಲಮ್ಮ, ನಿನ್ನ ಬೆಡ್‌ಶೀಟು ಬಹಳ ಚೆನ್ನಾಗಿದೆ, ನನ್ನ ಮೈಗೆ ರೂಢಿ..." ಎಂದು ನಾನೂ ಮರಾಠಿಯಲ್ಲೇ ಶುರುಮಾಡಿದವಳು ಅರ್ಧಕ್ಕೆ ನಿಂತೆ. ಇವು ನನ್ನ ಮಾತುಗಳಲ್ಲ, ಸಂಗಪ್ಪನವರವು. ಅವರು ಅಂದು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಮೇಲೆ ವರ್ಷವಿಡೀ, ವಾಲಿದ ಕತ್ತಿನಲ್ಲಿ, "ಭಾಳ ಛಲೋ ಬಂತ್ರೀ" ಎಂದದ್ದು ಮಾತ್ರ ಸುಳ್ಳು. ನನ್ನ ಬಿಂಕ ಉಳಿಯಲೆಂದು ಆ ಮನುಷ್ಯ ನಿದ್ದೆಗೆಟ್ಟು, ಮರುದಿನ ಹೆಗಲ ಮೇಲೆ ಸೀರೆಯ ಗಂಟು ಹೊತ್ತು ಮೆಟ್ಟಿಲು ಹತ್ತಿಳಿದಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಕೆ ನನಗಿಂತ ದೊಡ್ಡ ಮನಸ್ಸಿನವಳು. ನಾನು ತಡವರಿಸುತ್ತಿದ್ದಂತೆಯೇ ನಕ್ಕು ಒಳಗೆ ಬಂದು, ನನ್ನ ಬೆಡ್‌ಶೀಟನ್ನೇ ಕೊಡವಿ ತನ್ನ ಕೈಯಾರೆ ಮತ್ತೆ ಹಾಸಿದಳು. ಮೂಲೆ ಮಡಿಸಿದ್ದು ನನ್ನದಕ್ಕಿಂತ ಒಂದು ಕೂದಲೆಳೆ ಚೂಪಾಗಿತ್ತು. ಇದನ್ನು ಯಜಮಾನರಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಉಳಿದ ಮೂರು ದಿನ ಆ ಕೋಣೆಯ ಕಿಟಕಿಯ ಬಳಿ ಕುಳಿತು ಯೋಚಿಸಿದೆ. ನಂಬಿಕೆಯಿಲ್ಲದ ಕಡೆ ನಾವು ಚೀಲದ ಬಾಯಿ ಬಿಚ್ಚುವುದಿಲ್ಲ. ಅದನ್ನು ತಲೆಯ ಕೆಳಗೇ ಇಟ್ಟು ಹೇಗೋ ರಾತ್ರಿ ಕಳೆಯುತ್ತೇವೆ. ಹಳೆಯ ಗವಸು, ಎಣ್ಣೆಯ ಕಲೆ, ಬಿಡಲಾಗದ ರೂಢಿ, ಇವನ್ನೆಲ್ಲ ಯಾರೂ ಆಡಿಕೊಳ್ಳುವುದಿಲ್ಲವೆಂಬ ಭರವಸೆ ಇದ್ದಲ್ಲಿ ಮಾತ್ರ ಹೊರಗೆ ತೆಗೆಯುತ್ತೇವೆ. ಸಂಗಪ್ಪನವರು ತಮ್ಮ ದಿಂಬನ್ನು ನನ್ನ ಹಾಸಿಗೆಯ ಮೇಲಿಟ್ಟಾಗ ಅದು ನನ್ನ ಲಾಡ್ಜಿಗೆ ಸಿಕ್ಕ ಮರ್ಯಾದೆಯಾಗಿತ್ತು, ನಾನೇ ಅದನ್ನು ಅವಮಾನವೆಂದು ಓದಿಕೊಂಡೆ.

ಮನೆಗೆ ಮರಳಿದವಳೇ ಇಳಕಲ್ಲಿಗೆ ಫೋನು ಹಚ್ಚಿದೆ. ಬರುವಾಗ ನಿಮ್ಮ ದಿಂಬು ತನ್ನಿ ಎಂದರೆ, "ಬ್ಯಾಡ್ರೀ ಅಕ್ಕಾರ, ನಿಮ್ಮ ದಿಂಬಿನ ಮ್ಯಾಲ ಛಲೋ ನಿದ್ದಿ ಬರ್ತದ" ಎಂದು ಮತ್ತೆ ಅದೇ ಸುಳ್ಳು. "ನಿಮ್ಮ ಕತ್ತು ನಾನು ನೋಡಿದ್ದೇನೆ ಮಾರಾಯ್ರೆ. ನನ್ನದು ತಪ್ಪಾಯಿತು. ತನ್ನಿ" ಎಂದೆ.

"ಖರೇನ ತರ್ಲ್ಯಾ?" ಎಂದರು, ಮಗುವಿನ ಹಾಗೆ.

ಇಂದು ಬೆಳಿಗ್ಗೆ ಏಳನೇ ಕೋಣೆಯ ಹಾಸಿಗೆಯನ್ನು ನಾನೇ ಹಾಸಿದೆ. ಮೂಲೆಗಳನ್ನು ಆ ಹೆಂಗಸು ಮಡಿಸಿದಂತೆಯೇ ಮಡಿಸಿದೆ. ಗಂಜಿಯ ಬಿಳಿ ಕಣ್ಣು ಕುಕ್ಕುವಂತಿತ್ತು. ತಲೆಯ ಕಡೆ ಒಂದು ದಿಂಬಿನಷ್ಟು ಜಾಗವನ್ನು ಬರಿದಾಗಿಯೇ ಬಿಟ್ಟು, ದೂರ ನಿಂತು ನೋಡಿದೆ. ಇಷ್ಟು ವರ್ಷಗಳಲ್ಲಿ ನಾನು ಹಾಸಿದ ಹಾಸಿಗೆಗಳಲ್ಲೆಲ್ಲ ಇದೇ ಚೆಂದವೆನ್ನಿಸಿ ಎದೆಯುಬ್ಬಿತು. ನೆಲ ಒರೆಸಲು ಬಂದ ನಮ್ಮ ಕಮಲಾತಾಯಿ ಬಾಗಿಲಲ್ಲೇ ನಿಂತು, ದಿಂಬಿಡುವುದನ್ನು ಮರೆತಿರೇ ಎಂದು ಗಾಬರಿಯಿಂದ ಕೇಳಿದಳು.

ಮರೆತಿಲ್ಲ, ಈ ಕೋಣೆಯ ದಿಂಬು ಇಳಕಲ್ಲಿನ ಬಸ್ಸಿನಲ್ಲಿ ಬರುತ್ತಾ ಇದೆ ಎಂದೆ.